ಕಾಕಾನ ಉಗುರು, ಅಪ್ಪನ ಸೈಕಲ್ಲು

ನಮ್ಮ ಕಾಕಾನ ಬಲಗೈ ಹೆಬ್ಬೆರಳಿನ ಉಗುರಿಗೆ ಒಂದು ಲೈಸೆನ್ಸು ಬೇಕು ಎಂಬುದು ನನ್ನ ಬಹುದಿನದ ಅಭಿಪ್ರಾಯ. ಬಂದೂಕು ಇಟ್ಟುಕೊಂಡವರಿಗೆ ಸರ್ಕಾರ ಲೈಸೆನ್ಸು ಕೇಳುತ್ತದೆ. ಅಂಥಾದ್ದರಲ್ಲಿ ಕಂಡ ಕಂಡ ಸ್ಟಿಕ್ಕರುಗಳ ಮೇಲೆ ಹರಿಹಾಯುವ ಈ ಉಗುರನ್ನು ಊರೊಳಗೆ ಮುಕ್ತವಾಗಿ ತಿರುಗಾಡಲು ಹೇಗೆ ಬಿಟ್ಟಿದ್ದಾರೋ! ಉಳಿದ ಬೆರಳುಗಳ ಉಗುರನ್ನೆಲ್ಲ ಭಾನುವಾರ ಭಾನುವಾರ ಕತ್ತರಿಸುವ ಕಾಕಾ ಇದೊಂದನ್ನು ಮಾತ್ರ ಬಿಟ್ಟು ಬೆಳೆಸಿದ್ದಾನೆ, ತುದಿಯನ್ನು ಸಾಣೆಕಲ್ಲಿಗೆ ಉಜ್ಜಿ ಹದ ಮಾಡಿಟ್ಟಿದ್ದಾನೆ. ಅದರ ಕೆಳಗೆ ಸಿಕ್ಕ ಸ್ಟಿಕ್ಕರು ಯಾವುದೂ ಬದುಕಿ ಉಳಿದ ದಾಖಲೆಯಿಲ್ಲ.

ಕಾಕಾ ಎಂದರೆ ನಮ್ಮ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಇರುವುದು ರಾಣೆಬೆನ್ನೂರಿನಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಅದನ್ನು ಬರೆದು ಎಲ್ಲಿಯಾದರೂ ಅಂಟಿಸಿಬಿಟ್ಟಾರು, ಕಾಕಾ ಹೋಗಿ ಅದನ್ನೂ ಕೆರೆದು ಬಂದಾನು!

ಈ ಚಟಕ್ಕೆ ಕಾರಣವೇನು ಎಂದು ಕೇಳಿದರೆ ಕಾಕಾ ತನ್ನ ನೌಕರಿಯ ಕಡೆ ಬೊಟ್ಟು ಮಾಡುತ್ತಾನೆ. ಅವನು ಇದ್ದದ್ದು ಒಂದು ಬೀಜದ ಕಂಪನಿಯ ಗೋದಾಮಿನಲ್ಲಿ. ಬದನೆ ಬೀಜ, ಮೆಣಸಿನ ಬೀಜ, ಬೆಂಡೆ ಬೀಜದ ಪಾಕೀಟುಗಳಿಗೆ ಲೇಬಲ್ಲು ಅಂಟಿಸುವ ವಿಭಾಗಕ್ಕೆ ಅವನೇ ಮುಖ್ಯಸ್ಥ. "ಜಲ್ಮ ಪೂರ್ತಿ ಅಂಟಿಸೇನಿ. ಆ ಪಾಪ ಈಗ ತೊಳಕೊಳ್ಳಾಕತ್ತೇನಿ," ಎಂದು ಅವನು ಗಂಭೀರವಾಗಿ ಹೇಳಿದರೆ ಹೊಸಬರು ಪಾಪ, ನಂಬುತ್ತಾರೆ. ಆದರೆ ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಒಳಗಿನಿಂದಲೇ ಒಂದು ಕೂಗು ಹಾಕುತ್ತಾಳೆ:

"ಸುಳ್ಳ ಹೇಳಬ್ಯಾಡ್ರಿ! ನೌಕರಿಗಿಂತ ಮೊದಲಿನ ರೋಗ ಅದು!"

ಚಿಗವ್ವನ ಬಳಿ ಸಾಕ್ಷಿಯಿದೆ. ಮದುವೆಯ ದಿನ ಅಕ್ಷತೆ ಬೀಳುವ ಹೊತ್ತಿಗೆ ಮದುಮಗ ತಲೆ ತಗ್ಗಿಸಿ ಕುಳಿತದ್ದನ್ನು ಕಂಡು, ಅಯ್ಯೋ ಎಷ್ಟು ನಾಚಿಕೆಯ ಹುಡುಗ ಎಂದು ಹೆಂಗಸರೆಲ್ಲ ಮೆಚ್ಚಿಕೊಂಡರಂತೆ. ಚಿಗವ್ವನಿಗೂ ಒಳಗೊಳಗೇ ಖುಷಿಯಾಯಿತಂತೆ. ಓರೆಗಣ್ಣಿನಲ್ಲಿ ನೋಡಿದರೆ ಏನು ಕಂಡಿತು ಅಂತೀರಿ? ಪಕ್ಕದಲ್ಲಿಟ್ಟಿದ್ದ ತವರಿನ ಹೊಸ ಸ್ಟೀಲ್ ಕೊಡವನ್ನು ಮೆಲ್ಲಗೆ ಎಳೆದುಕೊಂಡು, ಮದುಮಗ ಅದರ ಲೇಬಲ್ಲು ಕೆರೆಯುತ್ತ ಕುಳಿತಿದ್ದ!

ಇಂಥವನಿಗೆ ದೇವರು ಗಂಟು ಹಾಕಿದ್ದು ಎಂಥವಳನ್ನು? ಸ್ಟಿಕ್ಕರು ಇದ್ದರೇ ವಸ್ತು ಹೊಸದು ಎಂದು ನಂಬಿದವಳನ್ನು. ಮಿಕ್ಸರಿನ ಮೇಲಿನ ಕಾಗದ, ಫ್ಯಾನಿನ ರೆಕ್ಕೆಯ ಮೇಲಿನ ಚೀಟಿ, ಗೋಡೆ ಗಡಿಯಾರದ ಗಾಜಿನ ಮೇಲಿನ ತೆಳು ಹಾಳೆ, ಎಲ್ಲವೂ ಮೊಮ್ಮಕ್ಕಳ ಕಾಲದವರೆಗೆ ಹಾಗೇ ಇರಬೇಕು ಎನ್ನುವುದು ಅವಳ ಆಸೆ. ಸಾಲದ್ದಕ್ಕೆ ರಾತ್ರಿ ಮುಖ ತೊಳೆಯುವಾಗ ಹಣೆಯ ಟಿಕಳಿ ತೆಗೆದು ಬಚ್ಚಲುಮನೆಯ ಕನ್ನಡಿಗೆ ಅಂಟಿಸುವುದು ಅವಳ ರೂಢಿ. ಬೆಳಿಗ್ಗೆ ಎದ್ದು ನೋಡಿದರೆ ಕನ್ನಡಿ ಫಳಫಳ! ಒಂದು ಟಿಕಳಿಯೂ ಇಲ್ಲ! ಗಂಡ ಗಟ್ಟಿಮುಟ್ಟಾಗಿ ಎದುರಿಗೆ ಕುಳಿತು ಅವಲಕ್ಕಿ ತಿನ್ನುತ್ತಿರುವಾಗ ಬರಿ ಹಣೆಯಲ್ಲಿ ಟಿಕಳಿ ಹುಡುಕಿಕೊಂಡು ಓಡಾಡುವ ಹೆಂಗಸು ರಾಣೆಬೆನ್ನೂರಿನಲ್ಲಿ ಅವಳೊಬ್ಬಳೇ ಇರಬೇಕು.

ಫ್ರಿಜ್ಜು ಕೊಳ್ಳಲು ಹೋದ ಕಥೆ ಕೇಳಿ. ಕಾಕಾನಿಗೆ ಹಿಡಿಸಿದ್ದು ನೀಲಿ ಬಣ್ಣದ್ದು, ಚಿಗವ್ವನಿಗೆ ಕೆಂಪು ಹೂವಿನದು. ಅಂಗಡಿಯವನು ಇಬ್ಬರಿಗೂ ಎರಡರ ಗುಣಗಳನ್ನು ವರ್ಣಿಸುತ್ತ ನಿಂತಿದ್ದ. ಆ ಚರ್ಚೆ ಮುಗಿಯುವ ಹೊತ್ತಿಗೆ ಕಾಕಾ ಆಧಾರಕ್ಕೆ ಒರಗಿ ನಿಂತಿದ್ದ ಮೂರನೆಯ ಫ್ರಿಜ್ಜಿನ ಕರೆಂಟು ಉಳಿತಾಯದ ನಕ್ಷತ್ರದ ಚೀಟಿ ಅರ್ಧ ಎದ್ದು ಬಂದಿತ್ತು. ಕಾಕಾನಿಗೆ ಅದರ ಅರಿವೇ ಇಲ್ಲ! ಉಗುರು ತಾನಾಗಿ ದುಡಿಯುತ್ತಿತ್ತು. ಈಗ ಅವರ ಅಡುಗೆಮನೆಯಲ್ಲಿ ಇರುವುದು ಇಬ್ಬರಿಗೂ ಹಿಡಿಸದ ಆ ಬೂದಿ ಬಣ್ಣದ ಫ್ರಿಜ್ಜೇ.

ಇನ್ನೊಮ್ಮೆ ಬ್ಯಾಡಗಿಗೆ ಹೊರಟಿದ್ದ. ಬಸ್ಸು ತುಂಬಿ ತುಳುಕುತ್ತಿತ್ತು, ಕಾಕಾ ಕಂಬ ಹಿಡಿದು ನಿಂತಿದ್ದ. ನಿಂತವನು ಸುಮ್ಮನೆ ನಿಲ್ಲಬೇಕೋ ಬೇಡವೋ? ಪಕ್ಕದ ಸೀಟಿನ ಮೇಲ್ಗಡೆ, ಈ ಜಾಗ ಮಹಿಳೆಯರಿಗೆ ಎಂಬ ಸ್ಟಿಕ್ಕರು. ಅದರ ಒಂದು ಮೂಲೆ ಎದ್ದಿತ್ತು. ಎದ್ದ ಮೂಲೆ ಕಂಡರೆ ಕಾಕಾನಿಗೆ ಎದುರಿಗೆ ಪಾಯಸ ಇಟ್ಟ ಹಾಗೆ! ಮೋಟೆಬೆನ್ನೂರು ದಾಟುವಷ್ಟರಲ್ಲಿ ಮುಕ್ಕಾಲು ಭಾಗ ಕೈಗೆ ಬಂತು. ಮಡಿಲಲ್ಲಿ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕುಳಿತಿದ್ದ ಹೆಂಗಸು ಆಗಿನಿಂದ ನೋಡುತ್ತಲೇ ಇದ್ದಳಂತೆ. ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟಳು:

"ಯಜಮಾನ್ರ, ಕುಂದ್ರಾಕ ಜಾಗಾ ಬೇಕಾದ್ರ ಬಾಯಿಬಿಟ್ಟ ಕೇಳ್ರಿ, ಸರದು ಕೊಡ್ತೇವಿ. ಬೋರ್ಡ್ ಯಾಕ ಕೀಳಾಕತ್ತೀರಿ?"

ಇಡೀ ಬಸ್ಸು ನಕ್ಕಿತಂತೆ. ಕಾಕಾ ಮುಂದಿನ ನಿಲ್ದಾಣದಲ್ಲೇ ಇಳಿದು ಬ್ಯಾಡಗಿಗೆ ನಡೆದುಕೊಂಡು ಹೋದ.

ಇಷ್ಟು ಹೇಳಿ ನಾನು ಅವನ ವಿದ್ಯೆಯನ್ನು ಹೊಗಳದಿದ್ದರೆ ಅನ್ಯಾಯವಾದೀತು. ಸ್ಟಿಕ್ಕರು ಕೀಳುವುದೇನು, ನಾವೂ ನೀವೂ ಕಿತ್ತೇವು. ಮೇಲಿನ ಬಣ್ಣದ ಪದರ ಬಂದು, ಕೆಳಗೆ ಬಿಳಿ ಕಾಗದ ಉಳಿದು, ಅದನ್ನು ಕೆರೆದರೆ ಅಂಟು ಉಳಿದು, ಅದಕ್ಕೆ ಧೂಳು ಮೆತ್ತಿ, ಮೊದಲಿದ್ದ ಸ್ಟಿಕ್ಕರೇ ಎಷ್ಟೋ ವಾಸಿಯಿತ್ತು ಎನ್ನುವ ಸ್ಥಿತಿಗೆ ತಂದು ಕೈಬಿಡುತ್ತೇವೆ. ಕಾಕಾನ ಕ್ರಮ ಹಾಗಲ್ಲ. ಮೊದಲು ಬಿಸಿ ತಾಗಿಸಬೇಕು. ಅಂಟು ಮೆತ್ತಗಾದ ಮೇಲೆ ಒಂದು ಮೂಲೆಯಿಂದ ಎಬ್ಬಿಸಿ, ಅವಸರ ಮಾಡದೆ, ಓರೆಯಾಗಿ ಎಳೆಯಬೇಕು. ಉಳಿದ ಅಂಟಿನ ಮೇಲೆ ಶೇಂಗಾ ಎಣ್ಣೆ ಸವರಿ, ಚಹಾ ಕುಡಿದು ಬರುವಷ್ಟು ಹೊತ್ತು ಬಿಡಬೇಕು. ಆಮೇಲೆ ಮೇಲೊಂದಿಷ್ಟು ಜೋಳದ ಹಿಟ್ಟು ಉದುರಿಸಿ ಹೆಬ್ಬೆರಳಲ್ಲಿ ಉಜ್ಜಿದರೆ, ಅಂಟೆಲ್ಲ ಹಿಟ್ಟಿಗೆ ಸುತ್ತಿಕೊಂಡು ಸಣ್ಣ ಶ್ಯಾವಿಗೆ ಎಳೆಗಳಾಗಿ ಉದುರುತ್ತದೆ. ಖರೇ ಹೇಳುತ್ತೇನೆ, ನೋಡಲು ಚಂದ!

ತೊಂದರೆ ಎಂದರೆ ಚಿಗವ್ವ ಒಳ್ಳೆಯ ಎಣ್ಣೆ ಕೊಡುವುದಿಲ್ಲ. ಹೀಗಾಗಿ ಪಕ್ಕದ ಮನೆಯ ಮಾಸ್ತರರ ಹೊಸ ಸೈಕಲ್ಲನ್ನು ಕಾಕಾ ಕಾಡಿ ಬೇಡಿ ಪಡೆದು ಸ್ವಚ್ಛ ಮಾಡಿಕೊಟ್ಟಾಗ ಬಳಸಿದ್ದು ಹಿಂದಿನ ದಿನ ಮಿರ್ಚಿ ಭಜಿ ಕರಿದು ಉಳಿದ ಎಣ್ಣೆ. ಸೈಕಲ್ಲು ಕನ್ನಡಿಯಂತೆ ಹೊಳೆಯಿತು, ಮಾಸ್ತರರು ಸಂತೋಷದಿಂದ ಸಂತೆಗೆ ಹೋದರು. ಕಾಯಿಪಲ್ಲೆ ಕೊಂಡು ಹೊರಗೆ ಬಂದರೆ ಒಂದು ಆಡು ಚೈನ್ ಕವರ್ ನೆಕ್ಕುತ್ತಿದೆ, ಇನ್ನೊಂದು ಮುಂಗಾಲು ಎತ್ತಿ ಹ್ಯಾಂಡಲ್ಲನ್ನು ಪರೀಕ್ಷಿಸುತ್ತಿದೆ! ಓಡಿಸಿದರೆ ಹೋಗುತ್ತವೆಯೇ? ಭಜಿಯ ವಾಸನೆ, ಜೋಳದ ಹಿಟ್ಟಿನ ರುಚಿ! ಮಾಸ್ತರರು ಸೈಕಲ್ಲು ಹತ್ತಿ ಬಂದರೆ ಆಡುಗಳು ಹಿಂದೆಯೇ ಬಂದು ಅವರನ್ನು ಮನೆಯವರೆಗೆ ಮುಟ್ಟಿಸಿದವು. ಮಾಸ್ತರರು ಸಿಟ್ಟಿನಿಂದ ಕಾಕಾನ ಬಾಗಿಲು ಬಡಿದರೆ, ಕಾಕಾ ಆಡುಗಳ ನಾಲಿಗೆ ಆಡಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ ಹೇಳಿದ:

"ನೋಡ್ರಿ ಮಾಸ್ತರ, ಒಂದ ಕೂದಲಾರ ಅಂಟೇತೇನು? ಅಂಟು ಪೂರ್ತಿ ಹೋಗೇತಿ ಅಂತ ಆಡೂ ಒಪ್ಪಿಕೊಂಡಾವು!"

ಇನ್ನು ನಮ್ಮ ಅಪ್ಪನ ಸಂಗತಿ. ಅವ್ವ ತೀರಿಕೊಂಡ ಮೇಲೆ ಅಪ್ಪ ಹಾವೇರಿಯಲ್ಲಿ ಮಗಳಾದ ನನ್ನ ಮನೆಯಲ್ಲೇ ಇದ್ದಾನೆ. ಅವನ ಹಳೆಯ ಕರಿ ಸೈಕಲ್ಲೂ ಅವನ ಜೊತೆಗೇ ಬಂತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಅಣ್ಣ ತಮ್ಮರ ಬುದ್ಧಿ ಎಷ್ಟು ಬೇರೆ ನೋಡಿ. ತಮ್ಮ ಕಂಡದ್ದನ್ನೆಲ್ಲ ಕೀಳುವವನು, ಅಣ್ಣ ಸಿಕ್ಕದ್ದನ್ನೆಲ್ಲ ಸೈಕಲ್ಲಿಗೆ ಅಂಟಿಸುವವನು! ಮುಂದಿನ ಮಡ್‌ಗಾರ್ಡಿನ ಮೇಲೆ ಕದರಮಂಡಲಗಿಯ ಆಂಜನೇಯ. ಚೈನ್ ಕವರಿನ ಮೇಲೆ ಕೊಕ್ಕು ಮುರಿದ ಒಂದು ಹಸಿರು ಗಿಳಿ. ಅದರ ಪಕ್ಕ ನೇತ್ರದಾನ ಮಾಡಿ ಎಂದು ದಿಟ್ಟಿಸುವ ಒಂದು ಕಣ್ಣು. ಯಾವುದೋ ಚುನಾವಣೆಯ ಅಭ್ಯರ್ಥಿ, ಬಿಸಿಲಿಗೆ ಮುಖ ಅಳಿಸಿ ಹೋಗಿ ಬರೀ ಮುಗಿದ ಕೈ ಉಳಿದದ್ದು. ಸೀಟಿನ ಕೆಳಗಿನ ಕೊಳವೆಗೆ ನಮ್ಮ ಕುಕ್ಕರಿನ ಗ್ಯಾರಂಟಿ ಚೀಟಿ. ಇನ್ನು ಬೆಲ್ಲಿನ ಸುತ್ತ, ತಿಂದ ಸೇಬು ಹಣ್ಣುಗಳ ಸಣ್ಣ ಸಣ್ಣ ಸ್ಟಿಕ್ಕರುಗಳು! ಅಪ್ಪನಿಗೆ ಸೇಬು ಕೊಟ್ಟರೆ ಮೊದಲು ಸೈಕಲ್ಲಿನ ಹತ್ತಿರ ಹೋಗಿ, ಆಮೇಲೆ ಹಣ್ಣು ಕಚ್ಚುತ್ತಿದ್ದ.

ಕಾಕಾ ಹಾವೇರಿಗೆ ಬಂದಾಗಲೆಲ್ಲ ಆ ಸೈಕಲ್ಲಿನ ಎದುರು ನಿಂತು ನಿಟ್ಟುಸಿರು ಬಿಡುತ್ತಿದ್ದ. ಹೆಬ್ಬೆರಳು ಮೆಲ್ಲಗೆ ಗಿಳಿಯ ಬಾಲದ ಕಡೆ ಹೊರಡುತ್ತಿತ್ತು. ಅಪ್ಪ ಪೇಪರಿನ ಹಿಂದಿನಿಂದಲೇ, "ತಮ್ಮಾ, ಕೈ ತಗಿ," ಎನ್ನುತ್ತಿದ್ದ. ಕೈ ವಾಪಸು ಜೇಬಿಗೆ ಹೋಗುತ್ತಿತ್ತು.

ಆದರೆ ಮಹಾನವಮಿಯ ಖಂಡೇಪೂಜೆಯ ದಿನ ಯಾರು ತಡೆಯಬೇಕು? ಅವತ್ತು ನಮ್ಮ ಕಡೆ ಕುಡುಗೋಲಿನಿಂದ ಹಿಡಿದು ಕಾರಿನವರೆಗೆ ಎಲ್ಲದಕ್ಕೂ ಸ್ನಾನ, ವಿಭೂತಿ, ಚೆಂಡು ಹೂವು. ಕಳೆದ ಸಲ ಕಾಕಾ, ಚಿಗವ್ವ ಹಬ್ಬಕ್ಕೆ ನಮ್ಮಲ್ಲಿಗೆ ಬಂದಿದ್ದರು. ನಮ್ಮ ಮನೆಯವರು ಸ್ಕೂಟರು ತೊಳೆಯಲು ಹೊರಟರೆ ಕಾಕಾ, "ಅಣ್ಣನ ಸೈಕಲ್ ನಾ ತೊಳೀತೇನಿ. ಅದು ನನ್ನ ಸೇವಾ," ಎಂದ. ಎಂಥ ತಮ್ಮ ಎಂದು ನಾನು ಕಣ್ಣು ಒರೆಸಿಕೊಂಡೆ. ಹೋಳಿಗೆ ಉಂಡು ಅಪ್ಪ ಮಲಗಿದ. ನಾನೂ ಚಿಗವ್ವನೂ ಅಡುಗೆಮನೆ ತೊಳೆಯುತ್ತಿದ್ದೆವು. ಹಿತ್ತಲಲ್ಲಿ ನನ್ನ ಕೂದಲು ಒಣಗಿಸುವ ಯಂತ್ರ ಬುಸುಗುಟ್ಟುವುದು ಕೇಳಿಸಿತು. ಬೋಳುತಲೆಯ ಕಾಕಾ ಅದನ್ನು ಯಾಕೆ ಒಯ್ದ ಎಂದು ನನಗೆ ಹೊಳೆಯಲೇ ಇಲ್ಲ. ಎಣ್ಣೆ ಡಬ್ಬಿ ಹೋಯಿತು, ಜೋಳದ ಹಿಟ್ಟಿನ ಡಬ್ಬಿ ಹೋಯಿತು. ಹಬ್ಬದ ಗದ್ದಲದಲ್ಲಿ ಯಾರು ಲೆಕ್ಕ ಇಡುತ್ತಾರೆ?

ಸಂಜೆ ಕಾಕಾ ನಮ್ಮನ್ನೆಲ್ಲ ಅಂಗಳಕ್ಕೆ ಕರೆದ. ಸೈಕಲ್ಲು ನಿಂತಿತ್ತು. ಕರ್ರಗೆ, ನುಣ್ಣಗೆ, ಹೊಳೆಯುತ್ತ, ಒಂದೇ ಒಂದು ಚುಕ್ಕೆಯಿಲ್ಲದೆ! ಆಂಜನೇಯನಿಲ್ಲ, ಗಿಳಿಯಿಲ್ಲ, ಕೈ ಮುಗಿದವನಿಲ್ಲ. ತಯಾರಿಸಿದ ಕಂಪನಿಯ ಹೆಸರನ್ನೂ ಬಿಟ್ಟಿರಲಿಲ್ಲ. ಹ್ಯಾಂಡಲ್ಲಿಗೆ ಚೆಂಡು ಹೂವಿನ ಮಾಲೆ, ಮಡ್‌ಗಾರ್ಡಿಗೆ ಮೂರು ಬೆರಳು ವಿಭೂತಿ. ಕಾಕಾ ಅದರ ಪಕ್ಕದಲ್ಲಿ ಫೋಟೋಕ್ಕೆ ನಿಂತವನಂತೆ ನಿಂತಿದ್ದ.

ಅಪ್ಪ ಕಣ್ಣುಜ್ಜುತ್ತ ಹೊರಗೆ ಬಂದ.

"ಅಡ್ಡಿಯಿಲ್ಲ, ಭಾಳ ಛಲೋ ಐತಿ," ಎಂದ. "ಯಾರದು?"

"ನಿಂದ, ಅಣ್ಣಾ!"

"ಹಬ್ಬದ ದಿನ ಚಾಷ್ಟಿ ಮಾಡಬ್ಯಾಡ," ಎಂದು ಅಪ್ಪ ನಕ್ಕ. ಆಮೇಲೆ ಅಂಗಳದ ಈ ಮೂಲೆ ನೋಡಿದ, ಆ ಮೂಲೆ ನೋಡಿದ, ಸ್ಕೂಟರಿನ ಹಿಂದೆ ಬಗ್ಗಿ ನೋಡಿದ. "ನಂದೆಲ್ಲಿ?"

ನಾವೂ ನಕ್ಕೆವು. ಅಪ್ಪ ನಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಅಪ್ಪನಿಗೆ ಒಂದೆರಡು ವರ್ಷಗಳಿಂದ ಮರೆವು ಶುರುವಾಗಿದೆ. ಉಂಡದ್ದು ಮರೆಯುತ್ತಾನೆ, ಪಕ್ಕದ ಮನೆಯವರ ಹೆಸರು ಮರೆಯುತ್ತಾನೆ. ಡಾಕ್ಟರು ಹೇಳಿದ್ದು ಒಂದೇ ಮಾತು: ದಿನಾ ಏನು ಮಾಡುತ್ತಾರೋ ಅದನ್ನು ತಪ್ಪಿಸಬೇಡಿ, ನಿಂತರೆ ಅದೂ ಹೋಗುತ್ತದೆ. ಅಪ್ಪ ದಿನಾ ಮಾಡುತ್ತಿದ್ದದ್ದು ಸೈಕಲ್ಲು ತಳ್ಳಿಕೊಂಡು ವಾಚನಾಲಯಕ್ಕೆ ಹೋಗುವುದು, ಅಲ್ಲಿಂದ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿದು ಬರುವುದು. ಸಾಲು ಸೈಕಲ್ಲುಗಳ ನಡುವೆ ತನ್ನದನ್ನು ಅವನು ಗಿಳಿ ನೋಡಿ ಗುರುತಿಸುತ್ತಿದ್ದ. ತಪ್ಪಿ ಬೇರೆ ಓಣಿಗೆ ತಿರುಗಿದರೆ ಜನ ಆ ಸೈಕಲ್ಲನ್ನು ಗುರುತಿಸುತ್ತಿದ್ದರು. "ಅಜ್ಜಾರ, ಮನಿ ಈ ಕಡೆ ಐತ್ರಿ," ಎಂದು ಯಾರಾದರೂ ಹ್ಯಾಂಡಲ್ಲು ತಿರುಗಿಸಿ ಕಳಿಸುತ್ತಿದ್ದರು. ಆ ಸ್ಟಿಕ್ಕರುಗಳ ಭರವಸೆಯ ಮೇಲೆಯೇ ನಾವು ಅಪ್ಪನನ್ನು ಹೊರಗೆ ಬಿಟ್ಟು ನಿಶ್ಚಿಂತೆಯಿಂದ ಇದ್ದೆವು ಎಂಬುದು ಅವು ಹೋದ ಮೇಲೆ ಗೊತ್ತಾಯಿತು.

ಮರುದಿನದಿಂದ ಅಪ್ಪ ಹೊರಗೆ ಹೋಗುವುದನ್ನೇ ನಿಲ್ಲಿಸಿದ. ಬೆಳಿಗ್ಗೆ ಟೊಪ್ಪಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ. "ಇದ ನಿನ್ನ ಸೈಕಲ್ಲಪ್ಪಾ," ಎಂದರೆ, "ಮಂದಿ ಸೈಕಲ್ ಮುಟ್ಟಬಾರದವ್ವಾ. ನಂದು ಬರ್ಲಿ, ಹೋಗ್ತೇನಿ," ಎನ್ನುತ್ತಿದ್ದ. ಮಧ್ಯಾಹ್ನದವರೆಗೆ ದಾರಿ ನೋಡಿ ಟೊಪ್ಪಿಗೆ ತೆಗೆದಿಟ್ಟು ಮಲಗುತ್ತಿದ್ದ. ಒಂದು ದಿನ, "ವಾಚನಾಲಯ ಯಾವ ಕಡೆ ಬರ್ತೇತಿ?" ಎಂದು ಕೇಳಿದ. ಆಗ ನನಗೆ ಹೆದರಿಕೆಯಾಗಿ ಕಾಕಾನಿಗೆ ಫೋನು ಮಾಡಿದೆ.

ಎಲ್ಲ ಕೇಳಿ ಕಾಕಾ, "ಬರ್ತೇನಿ ತಡಿಯವ್ವಾ," ಎಂದ. ಚಿಗವ್ವನ ದನಿ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು: "ಈಗ ಅಂಟಸ್ರಿ! ಜಲ್ಮದಾಗ ಒಮ್ಮೆರ ಅಂಟಸ್ರಿ!"

ಹೀಗೆ ಸ್ಟಿಕ್ಕರುಗಳ ಶತ್ರು ಸ್ಟಿಕ್ಕರು ಬೇಡಿಕೊಂಡು ಊರೂರು ಅಲೆಯುವ ಕಾಲ ಬಂತು. ಮೊದಲು ಏನೇನು ಎಲ್ಲೆಲ್ಲಿತ್ತು ಎಂದು ಗೊತ್ತಾಗಬೇಕಲ್ಲ? ನನ್ನ ಫೋನಿನಲ್ಲಿ ಆ ಸೈಕಲ್ಲಿನ ಒಂದೇ ಫೋಟೋ ಇತ್ತು. ಅದರ ಎದುರಿಗೆ ನಮ್ಮ ಮನೆಯವರು ನಿಂತಿದ್ದರು. ಅವರ ಹೊಟ್ಟೆಯ ಹಿಂದೆ ಇಡೀ ಚೈನ್ ಕವರು ಮರೆಯಾಗಿತ್ತು!

"ಒಂದೀಟು ಓರೆಯಾಗಿ ನಿಂತಿದ್ರ ಏನ ಆಗ್ತಿತ್ರಿ ನಿಮಗ?" ಎಂದು ಕಾಕಾ ಅಳಿಯನ ಮೇಲೆ ಹರಿಹಾಯ್ದ.

ಕದರಮಂಡಲಗಿಯ ಗುಡಿಯ ಮುಂದಿನ ಅಂಗಡಿಗಳಲ್ಲಿ ಈಗ ಬಂದಿರುವುದೆಲ್ಲ ಮಿರಿಮಿರಿ ಮಿಂಚುವ ಆಂಜನೇಯ. ಅಪ್ಪನದು ಹಳೆಯ ಕೇಸರಿ ಬಣ್ಣದವನು. ಕಾಕಾ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಲಾರಿಗಳ ಸಾಲಿನ ಉದ್ದಕ್ಕೂ ಹುಡುಕುತ್ತ ನಡೆದ. ಒಂದು ಲಾರಿಯ ಬಾಗಿಲ ಮೇಲೆ ಅದೇ ಆಂಜನೇಯ ಸಿಕ್ಕಿದ! ಪಕ್ಕದ ಅಂಗಡಿಯಿಂದ ಬಿಸಿ ಚಹಾ ತಂದು, ಗ್ಲಾಸನ್ನು ಸ್ಟಿಕ್ಕರಿಗೆ ಒತ್ತಿ ಹಿಡಿದು ನಿಂತ. ಲಾರಿಯ ಡ್ರೈವರು ಒಳಗಿನಿಂದ ತಲೆ ಹೊರಗೆ ಹಾಕಿದ.

"ಏನ ಮಾಡಾಕತ್ತೀರಿ ಯಜಮಾನ್ರ?"

"ಹನುಮಪ್ಪನ್ನ ಬಿಡಸಾಕತ್ತೇನ್ರಿ."

"ಯಾರ ಹಿಡಕೊಂಡಾರ್ರಿ ಅವನ್ನ?"

ಕಾಕಾ ಅಣ್ಣನ ಕಥೆಯನ್ನೆಲ್ಲ ಹೇಳಿದ. ಡ್ರೈವರು ಗಲ್ಲ ಕೆರೆದುಕೊಂಡು ಯೋಚಿಸಿ, "ಒಯ್ರಿ. ಆದ್ರ ನನ್ನ ಗಾಡಿ ಬರಿ ಬಾಗಲಾ ಇಟಗೊಂಡು ಹೋಗಾಂಗಿಲ್ಲ. ಅದಕ್ಕೊಂದು ಹನುಮಪ್ಪನ್ನ ಹಚ್ಚಿ ಒಯ್ರಿ," ಎಂದ. ಗುಡಿಯ ಮುಂದೆ ಕೊಂಡು ಜೇಬಿನಲ್ಲಿಟ್ಟಿದ್ದ ಮಿಂಚುವ ಆಂಜನೇಯ ಉಪಯೋಗಕ್ಕೆ ಬಂದ. ಜೀವನದಲ್ಲಿ ಮೊದಲ ಸಲ, ಮತ್ತೆ ಅಂಟಿಸಲೆಂದು, ಒಂದು ಸ್ಟಿಕ್ಕರನ್ನು ಹರಿಯದಂತೆ ಕೀಳಬೇಕಾಗಿ ಬಂದ ಕಾಕಾ ಉಸಿರು ಬಿಗಿಹಿಡಿದು ಎಬ್ಬಿಸುತ್ತಿದ್ದ. ತಲೆ ಬಂತು, ಗದೆ ಬಂತು. ಆದರೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಎಷ್ಟು ಹೊತ್ತು ಉಸಿರು ಹಿಡಿದಾರು? ಘಾಟು ಏರಿ ಒಂದು ಸೀನು ಬಂತು ನೋಡಿ, ಬಾಲದ ತುದಿ ಲಾರಿಯಲ್ಲೇ ಉಳಿದುಬಿಟ್ಟಿತು.

ಗಿಳಿಗಾಗಿ ಹೋದದ್ದು ಅದೇ ಊರಿನ ರೇಡಿಯಂ ಅಂಗಡಿಗೆ. ಗಾಡಿಗಳ ನಂಬರು, ದೇವರು, ಹದ್ದು, ಹುಲಿ ಎಲ್ಲ ಕತ್ತರಿಸಿ ಅಂಟಿಸುವ ಅಂಗಡಿ ಅದು. ಮಾಲೀಕರು ವಯಸ್ಸಾದ ಒಬ್ಬ ಸಾಹೇಬರು. ಕಾಕಾ ಅವರ ಅಂಗಡಿಯ ಬಾಗಿಲಿನ ಅಲಂಕಾರವನ್ನು ಹಿಂದೊಮ್ಮೆ ನಿಂತಲ್ಲೇ ಕೆರೆದವನು. ಅವರು ನೋಡಿದ ಕೂಡಲೇ ಎದ್ದು ಬಾಗಿಲಿಗೆ ಅಡ್ಡ ನಿಂತರು.

"ಕೈ ಹಿಂದ ಕಟ್ಟಿಕೊಂಡು ಒಳಗ ಬರ್ರಿ, ಭಾಯಿಸಾಬ!"

ಕಾಕಾ ಕೈ ಹಿಂದೆ ಕಟ್ಟಿಕೊಂಡೇ ಒಳಗೆ ಹೋಗಿ ಗಿಳಿ ಬೇಕೆಂದ.

"ಗಿಳಿ ಏನ್ರಿ, ನವಿಲ ಮಾಡಿಕೊಡ್ತೇನಿ."

"ಗಿಳೀನ ಬೇಕ್ರಿ. ಕೊಕ್ಕು ಮುರದಿರಬೇಕು."

"ಅಲ್ಲಾ! ಮುರದದ್ದು ಯಾಕ್ರಿ? ಹೊಸಾದು, ಕೆಂಪನ್ನ ಕೊಕ್ಕಿಂದು ಕತ್ತರಿಸಿ ಕೊಡ್ತೇನಿ."

"ಬ್ಯಾಡ್ರಿ ಸಾಹೇಬ್ರ. ನಮ್ಮಣ್ಣಗ ಮುರದ ಕೊಕ್ಕಿಂದ ಗುರ್ತು."

ಸಾಹೇಬರು ಕಾಕಾನ ಮುಖವನ್ನೊಮ್ಮೆ ನೋಡಿ, ಮುಂದೆ ಏನೂ ಕೇಳದೆ ಹಸಿರು ಹಾಳೆ ಬಿಚ್ಚಿದರು. ಒಂದು ಗಿಳಿಯನ್ನು ಅಷ್ಟು ಜಾಗರೂಕತೆಯಿಂದ ಯಾರೂ ಊನ ಮಾಡಿರಲಿಕ್ಕಿಲ್ಲ.

ಎಲ್ಲವೂ ಕೂಡಿ ಬಂದ ಮೇಲೆ ಅಂಟಿಸಲು ಕುಳಿತರೆ ಒಂದೂ ಅಂಟುತ್ತಿಲ್ಲ! ಆಂಜನೇಯ ಜಾರಿದ, ಗಿಳಿ ಜಾರಿತು, ಕಣ್ಣು ಮಡಚಿಕೊಂಡು ಕೆಳಗೆ ಬಿತ್ತು. ಅಂಟಬೇಕಾದರೂ ಹೇಗೆ? ಕಾಕಾ ತಾನೇ ಎಣ್ಣೆ ಕುಡಿಸಿ ಕುಡಿಸಿ ಉಜ್ಜಿದ ಸೈಕಲ್ಲು ಅದು. ಬೆಳಿಗ್ಗೆಯಿಂದ ಕೂತು ಸೀಗೆಪುಡಿ, ಪಾತ್ರೆ ಸೋಪು, ಬಿಸಿನೀರು ಹಾಕಿ ಆ ಜಿಡ್ಡನ್ನು ತೊಳೆದ. ಆಮೇಲೆ ಸ್ಟಿಕ್ಕರುಗಳು ತೀರಾ ಹೊಸದಾಗಿ ಕಾಣುತ್ತವೆ ಎಂದು ಇಟ್ಟಂಗಿ ಪುಡಿಯಿಂದ ಉಜ್ಜಿ ಹಳೆಯದು ಮಾಡಿದ. ಚಿಗವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಮನ್ಯಾಗ ಹೊಸಾವು ಕೀಳ್ತೀರಿ. ಇಲ್ಲಿ ಹೊಸಾವು ತಂದು ಹಳೇವು ಮಾಡ್ತೀರಿ. ನಿಮ್ಮನ್ನ ನನಗ ಕಟ್ಟಿದವ್ರು ಯಾರು?"

ಕಾಕಾ ಸೇಬಿನ ಸ್ಟಿಕ್ಕರುಗಳನ್ನು ಬೆಲ್ಲಿನ ಸುತ್ತ ಒಂದೊಂದಾಗಿ ಕೂರಿಸುತ್ತಿದ್ದ. ಆ ವಾರ ನಾವೆಲ್ಲ ಸೇಬು ತಿಂದು ತಿಂದು ಸುಸ್ತಾಗಿದ್ದೆವು. ಗಿಳಿಯನ್ನು ಅಂಟಿಸುವಾಗ ಮಾತ್ರ ಮೂರ್ನಾಲ್ಕು ಸಲ ಅಳತೆ ನೋಡಿ, ಕಣ್ಣು ಮುಚ್ಚಿ, ಎರಡೂ ಹೆಬ್ಬೆರಳುಗಳಿಂದ ಒತ್ತಿ ಹಿಡಿದು ಕುಳಿತೇಬಿಟ್ಟ.

ಅಪ್ಪನನ್ನು ಕರೆದೆವು. ಅವನು ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಬಂದು ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದ. ಬಾಲ ತುಂಡಾದ ಆಂಜನೇಯನಿಗೆ ಕೈ ಮುಗಿದ. ಬೆಲ್ಲು ಒತ್ತಿ ನೋಡಿದ. ಬಗ್ಗಿ ಗಿಳಿಯನ್ನು ಬೆರಳಿನಿಂದ ಸವರಿದ.

"ಬಂತೇನ!" ಎಂದ ಅಪ್ಪ. ಮುಖ ಅರಳಿತು. "ಎಲ್ಲಿ ಸಿಕ್ತು?"

ಕಾಕಾ ಎರಡೂ ಕೈ ಮೇಲೆತ್ತಿ ಕುಣಿಯುವುದೊಂದು ಬಾಕಿ! ಅಪ್ಪ ಅವನ ಕಡೆ ತಿರುಗಿ, ಎರಡೂ ಕೈ ಜೋಡಿಸಿ ಹೇಳಿದ:

"ನೀವ ಹುಡಿಕಿ ತಂದ್ರೇನ್ರಿ? ಭಾಳ ಉಪಕಾರ ಆತ್ರಿ. ಯಾವೂರವ್ರು ನೀವು?"

ಚಿಗವ್ವ ಬಾಯಿ ತೆರೆದಳು. ಕಾಕಾ ಬೇಡವೆಂದು ಕಣ್ಣಲ್ಲೇ ತಡೆದ. ತಾನೇ, "ರಾಣೆಬೆನ್ನೂರ್ರಿ," ಎಂದ.

"ಹಂಗಾರ ಬಸ್ಸಿಗೆ ಹೋಗಬೇಕಲ್ಲ. ಬಿಸಲಾಗ ಯಾಕ ನಡೀತೀರಿ? ಹಿಂದ ಕುಂದ್ರಿ, ಬಿಟ್ಟು ಬರ್ತೇನಿ. ನಿಮ್ಮ ಮನಿಯವ್ರು ನಮ್ಮ ಮಗಳ ಕೂಡ ಬರ್ಲಿ."

ಕಾಕಾ ಹಿಂದಿನ ಕ್ಯಾರಿಯರಿನ ಮೇಲೆ ಕುಳಿತ. ಅಪ್ಪ ಹ್ಯಾಂಡಲ್ಲು ಹಿಡಿದು ಸೈಕಲ್ಲು ತಳ್ಳುತ್ತ ಹೊರಟ. ಬೋಳುತಲೆಯ ದೊಡ್ಡ ಮನುಷ್ಯ ಎರಡೂ ಕಾಲು ಇಳಿಬಿಟ್ಟು ಕೂತಿದ್ದನ್ನು ನೋಡಿ ಓಣಿಯ ಜನ ನಕ್ಕರು. ನಾನೂ ಚಿಗವ್ವನೂ ಹಿಂದೆ ನಡೆದೆವು. ಚಿಗವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು, ನನಗಂತೂ ದಾರಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪ ಮಾತ್ರ ಬಹಳ ದಿನಗಳ ಮೇಲೆ ಉತ್ಸಾಹದಿಂದ ಮಾತಾಡುತ್ತಿದ್ದ.

"ರಾಣೆಬೆನ್ನೂರಾಗ ನನ್ನ ತಮ್ಮ ಅದಾನ್ರಿ. ಸಣ್ಣಂವಿದ್ದಾಗ ಅವನ್ನ ಹಿಂಗ ಹಿಂದ ಕುಂದ್ರಿಸಿಕೊಂಡು ಸಾಲಿಗೆ ಬಿಡ್ತಿದ್ದೆ. ಭಾಳ ಛಲೋ ಹುಡುಗ. ಒಂದ ಚಟ ನೋಡ್ರಿ, ಕಂಡದ್ದೆಲ್ಲಾ ಕಿತ್ತ ಒಗೀತಾನ. ಈ ಸೈಕಲ್ಲಿಂದೂ ಕಿತ್ತಿದ್ದಾ."

"ಅಂಥಾವಗ ಎರಡು ಬಿಡಬೇಕಿತ್ರಿ ನೀವು," ಎಂದ ಕಾಕಾ ಹಿಂದಿನಿಂದ.

ಅಪ್ಪ ಸೈಕಲ್ಲು ನಿಲ್ಲಿಸಿದ. ಹಿಂದಕ್ಕೆ ತಿರುಗಿದ. ಅಪ್ಪನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

"ಏನಂದ್ರಿ? ನನ್ನ ತಮ್ಮನ್ನ ಬೈಯಾಕ ನೀವ್ಯಾರ್ರಿ? ಅಂವ ಏನ ಮಾಡಿದ್ರೂ ನನ್ನ ಸಲುವಾಗಿ ಮಾಡ್ತಾನ. ಸೈಕಲ್ ತಂದುಕೊಟ್ರಿ ಅಂತ ಸುಮ್ನ ಅದೇನಿ. ಇಲ್ಲಂದ್ರ ಇಲ್ಲೇ ಇಳಿಸಿ ಹೋಗ್ತಿದ್ದೆ!"

"ತಪ್ಪಾತ್ರಿ," ಎಂದ ಕಾಕಾ.

ಅಪ್ಪ ಸ್ವಲ್ಪ ಹೊತ್ತು ಅವನನ್ನೇ ನೋಡಿದ. ಸಿಟ್ಟು ಇಳಿಯಿತು. ಮತ್ತೆ ಹ್ಯಾಂಡಲ್ಲು ಹಿಡಿದು ಮುಂದಕ್ಕೆ ತಳ್ಳಿದ.

"ಆತು ಬಿಡ್ರಿ. ಗಟ್ಟ್ಯಾಗಿ ಹಿಡಕೋರಿ, ಮುಂದ ಉಬ್ಬು ಐತಿ."

ಕಾಕಾ ಕೈ ಚಾಚಿ ಅಪ್ಪನ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡ.